ಖಾರ ಬನ್ನಿನಿಂದ ಕುಸ್ವಾರಿನವರೆಗೆ

ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೊರಡುವ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚರ್ಚೆ ನಡೆಯುವುದು ಊಟ ತಿಂಡಿಯ ಬಗ್ಗೆ. ಯಾವ ಗುಡಿ, ಯಾವ ಕಡಲ ತೀರ ಎಂಬುದು ಹೇಗೋ ಇತ್ಯರ್ಥವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲಿರುತ್ತೇವೆ, ಅಲ್ಲಿ ಚಿಕ್ಕವನಿಗೆ ಖಾರವಿಲ್ಲದ್ದು ಏನು ಸಿಗುತ್ತದೆ, ಮೆಟ್ಟಿಲು ಹತ್ತದೆ ಅಮ್ಮ ಕೂರುವುದಕ್ಕೆ ಜಾಗ ಇದೆಯೇ ಎಂಬ ಮಾತುಗಳು ಮಾತ್ರ ಮುಗಿಯುವುದೇ ಇಲ್ಲ. ಈ ಸಲದ ಡಿಸೆಂಬರ್ ರಜೆಗೆ ನಾವು ಆ ಚರ್ಚೆಯನ್ನೇ ಪ್ರವಾಸದ ಯೋಜನೆ ಮಾಡಿಕೊಂಡೆವು. ಬೆಂಗಳೂರಿನ ಬಸವನಗುಡಿಯಲ್ಲಿ ಶುರು ಮಾಡಿ, ರೈಲಿನಲ್ಲಿ ಘಟ್ಟ ಇಳಿದು, ಮಂಗಳೂರು, ಉಡುಪಿಗಳಲ್ಲಿ ತಿಂದು ಮನೆಗೆ ಮರಳುವುದು ಎಂದಾಯಿತು.

ಹೊರಟವರು ಐದು ಜನ. ನಾಲ್ಕನೇ ತರಗತಿಯ ಮಗಳು, ಇನ್ನೂ ಶಾಲೆಗೆ ಹೊಸಬನಾದ ಪುಟ್ಟ, ಎಪ್ಪತ್ತು ದಾಟಿದ ಅಮ್ಮ, ನಮ್ಮವರು ಮತ್ತು ನಾನು. ಎಲ್ಲರೂ ಒಪ್ಪಿದ ಷರತ್ತು ಒಂದೇ. ತಿನ್ನುವುದು ಹೇಗೆ ತಯಾರಾಗುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣಬೇಕು. ಎಲ್ಲಿ ಸಾಧ್ಯವೋ ಅಲ್ಲಿ ಕೈಯನ್ನೂ ಹಾಕಬೇಕು. ನಮ್ಮ ಮನೆಯ ಮಕ್ಕಳಿಗೆ, ನಗರದ ಬಹಳಷ್ಟು ಮಕ್ಕಳಿಗೆ, ಹೊರಗಿನ ತಿಂಡಿ ಎಂದರೆ ಈಗ ಕರೆಗಂಟೆ ಒತ್ತಿ ಬಾಗಿಲಲ್ಲಿ ಇಟ್ಟುಹೋಗುವ ಪೊಟ್ಟಣ. ಬೇಯಿಸಿದವರ ಮುಖವಿಲ್ಲ, ಒಲೆಯ ಬಿಸಿ ಇಲ್ಲ, ಪಕ್ಕದಲ್ಲಿ ಕೂತು ತಿನ್ನುವ ಅಪರಿಚಿತರಿಲ್ಲ. ಆ ಮೂರನ್ನೂ ಮಕ್ಕಳಿಗೆ ತೋರಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಬೆಳಗಿನ ಚಳಿಯಲ್ಲೂ ಜನ ಸೇರಿದ್ದರು. 1943ರಲ್ಲಿ ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರನ್ನು ನೆಚ್ಚಿ ಶುರುವಾದ ಈ ತಿಂಡಿಮನೆಯನ್ನು 1970ರಿಂದ ರಾಮಕೃಷ್ಣ ಅಡಿಗರ ಕುಟುಂಬ ನಡೆಸಿಕೊಂಡು ಬಂದಿದೆ. ಒಳಗೆ ಜಾಗ ಸಿಕ್ಕಿದ ಕೂಡಲೇ ಮಗಳ ಕಣ್ಣು ಗೋಡೆಯ ಮೇಲಿನ ಸಾಹಿತಿಗಳ ಚಿತ್ರಗಳಿಗೆ ಹೋಯಿತು. ಪಠ್ಯಪುಸ್ತಕದಲ್ಲಿ ಕಂಡ ಮುಖಗಳನ್ನು ಗುರುತಿಸುವುದು ಅವಳ ಕೆಲಸ. ಪುಟ್ಟನ ಕಣ್ಣು ಬಡಿಸುವವರ ತೋಳಿನ ಮೇಲೆ. ಅಂಗೈಯಿಂದ ಭುಜದವರೆಗೆ ಒಂದರ ಮೇಲೊಂದು ದೋಸೆಯ ತಟ್ಟೆ ಪೇರಿಸಿಕೊಂಡು, ಇಕ್ಕಟ್ಟಿನ ಮೇಜುಗಳ ನಡುವೆ ಅವರು ಸಲೀಸಾಗಿ ನಡೆದು ಬರುತ್ತಿದ್ದರೆ ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ನಮ್ಮ ಮೇಜಿಗೆ ಬಂದ ಹಿರಿಯರು ಅವನ ಮುಖ ನೋಡಿ, "ಇವರಿಗೆ ಪಲ್ಯ ಬೇಡ ಅಲ್ವಾ? ಖಾಲಿ ದೋಸೆ ಗರಿಯಾಗಿ ಹಾಕಿಸ್ತೀನಿ" ಎಂದರು. ಐದು ವರ್ಷದವನಿಗೆ "ಇವರಿಗೆ" ಎಂಬ ಮರ್ಯಾದೆ. ಪುಟ್ಟ ತಕ್ಷಣ ನೆಟ್ಟಗೆ ಕೂತ.

ನಮ್ಮ ಎದುರಿಗೆ ಕೂತವರು ಯಾರೋ ನಿವೃತ್ತ ಮೇಷ್ಟ್ರು ಮತ್ತು ಅವರ ಗುರುತಿಲ್ಲದ ಒಬ್ಬ ಕಾಲೇಜು ಹುಡುಗ. ಒಂದೇ ಮೇಜು, ಮೂರು ಸಂಸಾರ. ಚಟ್ನಿ ಇನ್ನೊಂದಿಷ್ಟು ಬೇಕೆಂದು ಮೊದಲು ಕೇಳಿದ್ದು ಮಗಳು. ಬಂದದ್ದನ್ನು ಆ ಹುಡುಗನ ಕಡೆಗೂ ಸರಿಸಿದಳು. ಮೇಷ್ಟ್ರು ದೋಸೆ ಮುರಿಯುವುದನ್ನು ನಿಲ್ಲಿಸಿ ಅವಳ ಶಾಲೆ, ತರಗತಿ ವಿಚಾರಿಸಿದರು. ಅಪರಿಚಿತರ ಜೊತೆ ಕೂತು ತಿನ್ನುವಾಗ ಮಕ್ಕಳು ದನಿ ತಗ್ಗಿಸುತ್ತಾರೆ, ಪಕ್ಕದವರಿಗೆ ಮೊಣಕೈ ತಾಗದಂತೆ ಕೂರುತ್ತಾರೆ, ಕಾಯುವುದನ್ನು ಕಲಿಯುತ್ತಾರೆ. ಮನೆಯಲ್ಲಿ ಎಷ್ಟು ಸಲ ಹೇಳಿದರೂ ಬಾರದ ನಡತೆ ಅಲ್ಲಿ ತಾನಾಗಿ ಬಂತು.

ಮಾರನೆಯ ದಿನ ಲಾಲ್‌ಬಾಗಿನ ಹತ್ತಿರದ ಎಂಟಿಆರ್. 1924ರಲ್ಲಿ ಕರಾವಳಿಯಿಂದ ಬಂದ ಮಯ್ಯ ಸಹೋದರರು ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಲ್ಲಿ ಶುರು ಮಾಡಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ನೋಡಿ ಬಂದರು. ಪಾತ್ರೆ, ಲೋಟಗಳನ್ನು ಕುದಿಬಿಸಿಯಲ್ಲಿ ಶುದ್ಧಮಾಡುವ ಶಿಸ್ತನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಲಿ ಎಂದು ಬಾಗಿಲು ತೆರೆದಿಟ್ಟರು. ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದ್ದೂ ಇದೇ ಮನೆ. ಗೋಡಂಬಿ ಹುದುಗಿದ ರವೆ ಇಡ್ಲಿ, ಅದರ ಮೇಲೆ ಕರಗಿದ ತುಪ್ಪ, ಪಕ್ಕದಲ್ಲಿ ಆಲೂಗಡ್ಡೆ ಸಾಗು ಬಂದಾಗ ಈ ಕತೆಯನ್ನು ಮಕ್ಕಳಿಗೆ ಹೇಳಿದೆ. "ಅಕ್ಕಿ ಇಲ್ಲದಿದ್ದರೂ ಇಡ್ಲಿ ನಿಲ್ಲಿಸಲಿಲ್ವಾ?" ಎಂದಳು ಮಗಳು. ಇಲ್ಲದ್ದರಲ್ಲೇ ಒಂದು ದಾರಿ ಹುಡುಕುವುದು ಅಡುಗೆಯವರ ಹುಟ್ಟುಗುಣ ಎಂಬುದು ಅವಳಿಗೆ ಆ ತಟ್ಟೆಯಿಂದ ತಿಳಿಯಿತು.

ಅಮ್ಮ ಅಷ್ಟು ಹೊತ್ತು ಸುಮ್ಮನಿದ್ದವಳು ಕಾಫಿ ಬಂದ ಮೇಲೆ ಮಾತಾಡಿದಳು. "ನಾವು ಚಿಕ್ಕವರಿದ್ದಾಗ ಹೆಂಗಸರು ಹೋಟ್ಲಿಗೆ ಹೋದ್ರೆ ಮನೇಲಿ ಮಾತು ಬರೋದು. ಮದುವೆಯಾದ ಹೊಸತರಲ್ಲಿ ನಿಮ್ಮಪ್ಪ ಕರ್ಕೊಂಡು ಹೋಗಿದ್ದು ಫ್ಯಾಮಿಲಿ ರೂಮಿಗೆ. ಮರದ ತಡಿಕೆ, ಮುಂದೆ ಒಂದು ಪರದೆ. ಮಸಾಲೆ ದೋಸೆ ತಂದಿಟ್ಟು ಪರದೆ ಎಳೆದು ಹೋಗೋರು. ಹೊರಗೆ ಯಾರು ಕೂತಿದಾರೆ ಅಂತ ನಾನು ನೋಡಲೇ ಇಲ್ಲ."

ನನಗೆ ಆ ಮಾತು ಮುಖ್ಯ ಅನ್ನಿಸಿತು. ಫ್ಯಾಮಿಲಿ ರೂಮು ಎಂಬ ಬೋರ್ಡು ನಮ್ಮ ಊರುಗಳ ಎಷ್ಟೋ ಹೋಟೆಲುಗಳಲ್ಲಿ ಇತ್ತು, ಕೆಲವೆಡೆ ಇನ್ನೂ ಇದೆ. ಹಳ್ಳಿ ಬಿಟ್ಟು ಬಂದ ಗುಮಾಸ್ತರು, ವಿದ್ಯಾರ್ಥಿಗಳು, ವ್ಯಾಪಾರಕ್ಕೆ ಬಂದ ಗಂಡಸರು ಹೋಟೆಲುಗಳ ಮೊದಲ ಗಿರಾಕಿಗಳು. ಹೆಂಗಸರು, ಮಕ್ಕಳು ಬರತೊಡಗಿದ್ದು ಆಮೇಲೆ. ಬಂದವರನ್ನು ಪರದೆಯ ಹಿಂದೆ ಕೂರಿಸಿದರು. ಅದಕ್ಕೂ ಹಿಂದೆ ಬ್ರಾಹ್ಮಣರಿಗೆ ಬೇರೆ ಕೋಣೆ ಇಟ್ಟಿದ್ದ ಹೋಟೆಲುಗಳಿದ್ದವು, ದಲಿತರಿಗೆ ಒಳಗೆ ಪ್ರವೇಶವೇ ಇಲ್ಲದ ಹೋಟೆಲುಗಳಿದ್ದವು. ಯಾರು ಬೇಕಾದರೂ ಯಾರ ಪಕ್ಕದಲ್ಲಾದರೂ ಕೂತು ತಿನ್ನಬಹುದಾದ ಒಂದು ಮೇಜು ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. ಕುಟುಂಬಕ್ಕೆ ಒಗ್ಗುವ ಹೋಟೆಲು ಎಂದು ಇವತ್ತು ಹೇಳುವಾಗ ನಾನು ಮೊದಲು ನೋಡುವುದು ಇದನ್ನೇ: ಅಲ್ಲಿ ಅಜ್ಜಿ, ಹೆಣ್ಣುಮಗಳು, ಕೂಸು ಎಲ್ಲರೂ ಪರದೆಯಿಲ್ಲದೆ, ಸಂಕೋಚವಿಲ್ಲದೆ ಕೂರಬಹುದೇ?

ಬೇಯುವುದನ್ನು ನೋಡುವ ಆಸೆ ಪೂರ್ತಿಯಾಗಿ ಈಡೇರಿದ್ದು ಒಂದು ಅಯ್ಯಂಗಾರ್ ಬೇಕರಿಯಲ್ಲಿ. ಬೆಂಗಳೂರಿನ ಬೀದಿಗಳಿಗೆ ಈ ಬೇಕರಿಗಳು ಕೊಟ್ಟ ಪರಿಮಳ ಬೇರೆ ಯಾವುದೂ ಕೊಟ್ಟಿಲ್ಲ. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದ ಅಯ್ಯಂಗಾರ್ ಕುಟುಂಬಗಳು ಕಟ್ಟಿದ ಉದ್ಯಮ ಇದು. ಚಿಕ್ಕಪೇಟೆಯಲ್ಲಿ ಸಿಹಿತಿಂಡಿ ಮಾರುತ್ತಿದ್ದ ತಿರುಮಲಾಚಾರ್ ಎಂಬುವರು ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷರವನಿಂದ ಬ್ರೆಡ್ಡು ಸುಡುವುದನ್ನು ಕಲಿತು, 19ನೇ ಶತಮಾನದ ಕೊನೆಗೆ ಮೊದಲ ಬೇಕರಿ ತೆರೆದರು ಎಂಬುದು ಅವರ ನಡುವೆ ಹೇಳಿಕೊಂಡು ಬಂದ ಕತೆ. ಮೊಟ್ಟೆ ಮುಟ್ಟದ ಮನೆತನದವರು ಮೊಟ್ಟೆಯಿಲ್ಲದೆ ಕೇಕು ಉಬ್ಬಿಸುವ ದಾರಿ ಹುಡುಕಿದರು. ಬ್ರೆಡ್ಡಿನ ಹಿಟ್ಟಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು, ಸಬ್ಬಸಿಗೆ ಸೇರಿಸಿ ಖಾರ ಬನ್ ಮಾಡಿದರು. ಆಲೂ ಬನ್, ದಿಲ್‌ಪಸಂದ್, ಹನಿ ಕೇಕ್, ಬೆಣ್ಣೆ ಬಿಸ್ಕತ್ತು, ಕಾಂಗ್ರೆಸ್ ಕಡಲೆಕಾಯಿ ಎಲ್ಲ ಆ ಗಾಜಿನ ಕಪಾಟಿನ ಸಂತಾನ. ಸಜ್ಜನರಾವ್ ವೃತ್ತದ ವಿಬಿ ಬೇಕರಿಯ ಮುಂದೆ ಸಂಜೆ ನಿಂತರೆ ಸಾಕು, ಅದರ ಆಕರ್ಷಣೆ ಎಷ್ಟೆಂದು ತಿಳಿಯುತ್ತದೆ.

ನಮ್ಮ ಬಡಾವಣೆಯ ಚಿಕ್ಕ ಬೇಕರಿಯ ಮಾಲೀಕರನ್ನು ಕೇಳಿಕೊಂಡೆವು. ಅವರು ಬೆಳಗಿನ ಜಾವ ಬರುವಂತೆ ಹೇಳಿದರು. ಹಿಂಬದಿಯ ಕೋಣೆಯಲ್ಲಿ ಸೌದೆಯ ಭಟ್ಟಿ. ಬೆಂಕಿ ಆರಿಸಿ, ಬೂದಿ ಗುಡಿಸಿ, ಇಟ್ಟಿಗೆ ಹೀರಿಕೊಂಡ ಬಿಸಿಯಲ್ಲೇ ಬೇಯಿಸುವ ವಿಧಾನ. ಮೊದಲ ಬಿಸಿಗೆ ಬನ್ನು, ಬ್ರೆಡ್ಡು. ಬಿಸಿ ಇಳಿದಂತೆ ಕೇಕು, ಬಿಸ್ಕತ್ತು. ಕೊನೆಯಲ್ಲಿ ಉಳಿದ ಕಾವಿಗೆ ರಸ್ಕು ಒಣಗುತ್ತದೆ. ಒಂದು ಸಲ ಹೊತ್ತಿಸಿದ ಸೌದೆಯ ಒಂದಿಷ್ಟು ಬಿಸಿಯೂ ಪೋಲಾಗುವುದಿಲ್ಲ. ಉದ್ದ ಹಿಡಿಯ ಮರದ ಹಲಗೆಯಲ್ಲಿ ತಟ್ಟೆಗಳನ್ನು ಒಳಕ್ಕೆ ನೂಕುತ್ತಿದ್ದವರು ಪುಟ್ಟನಿಗೆ ಗೋಡೆಯ ಪಕ್ಕ ಜಾಗ ತೋರಿಸಿ, "ಹತ್ರ ಬರಬೇಡ ಕಂದ, ಅಲ್ಲೇ ನಿಂತ್ಕೊಂಡು ನೋಡು" ಎಂದರು. ಒಳಗೆ ಹೋದ ಬಿಳಿ ಉಂಡೆಗಳು ಸ್ವಲ್ಪ ಹೊತ್ತಿಗೆ ಕೆಂಪಗೆ, ಎರಡರಷ್ಟಾಗಿ ಹೊರಬಂದವು. "ಒಳಗೆ ಗಾಳಿ ತುಂಬಿದ್ದು ಯಾರು?" ಎಂಬ ಪುಟ್ಟನ ಪ್ರಶ್ನೆಗೆ ಅವರು ಹುದುಗೆದ್ದ ಹಿಟ್ಟಿನ ಒಂದು ಉಂಡೆ ತಂದು ಮೂಸಿಸಿದರು. ಈಸ್ಟ್ ಎಂಬ ಕಣ್ಣಿಗೆ ಕಾಣದ ಜೀವ ಸಕ್ಕರೆ ತಿಂದು ಗಾಳಿ ಬಿಡುತ್ತದೆ, ನಾದಿದ ಮೈದಾದ ಜಿಗುಟು ಆ ಗಾಳಿಯನ್ನು ಹೊರಹೋಗಲು ಬಿಡುವುದಿಲ್ಲ, ಭಟ್ಟಿಯ ಬಿಸಿಗೆ ಅದು ಹಿಗ್ಗುತ್ತದೆ. ಇಷ್ಟನ್ನು ಅವರು ಮೂರು ಮಾತಿನಲ್ಲಿ ಹೇಳಿದರು. ಶಾಲೆಯ ವಿಜ್ಞಾನ ಪಾಠ ಅದಕ್ಕಿಂತ ಚೆನ್ನಾಗಿ ಶುರುವಾಗುವುದು ಸಾಧ್ಯವಿಲ್ಲ.

ಅದೇ ಬಿಸಿ ಬನ್ನುಗಳ ಪೊಟ್ಟಣ ಹಿಡಿದು ಯಶವಂತಪುರದಲ್ಲಿ ಮಂಗಳೂರಿನ ಹಗಲು ರೈಲು ಹತ್ತಿದೆವು. ಶ್ರವಣಬೆಳಗೊಳ ದಾಟಿ ಹಾಸನ ಬಂದಾಗ ಮಗಳು ಕಿಟಕಿಯಾಚೆ ನೋಡಿ, "ಬೇಕರಿ ಅಂಕಲ್‌ಗಳ ಊರು" ಎಂದಳು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಎಡಕುಮೇರಿಯ ಕಾಡು, ಕೆಳಗೆ ಹೊಳೆ, ಮತ್ತೆ ಕತ್ತಲು, ಮತ್ತೆ ಬೆಳಕು. ಸುರಂಗ ಬಂದಾಗಲೆಲ್ಲ ಡಬ್ಬಿಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಎದುರಿನ ಸೀಟಿನ ಪುತ್ತೂರಿನ ಸಂಸಾರ ಬಾಳೆಲೆಯಲ್ಲಿ ಕಟ್ಟಿದ, ಕೊಟ್ಟಿಗೆ ಎಂಬ ಕಡುಬನ್ನು ಬಿಚ್ಚಿತು. ನಮ್ಮ ಖಾರ ಬನ್ನು ಅವರಿಗೆ, ಅವರ ಕೊಟ್ಟಿಗೆ ನಮಗೆ. ಮನೆಯಿಂದ ಕಟ್ಟಿ ತಂದದ್ದನ್ನು ರೈಲಿನಲ್ಲಿ ಹಂಚಿ ತಿನ್ನುವ ಈ ರೂಢಿ ಇರುವವರೆಗೆ ನಮ್ಮ ಮಕ್ಕಳಿಗೆ ಊರೂರಿನ ರುಚಿ ತಪ್ಪುವುದಿಲ್ಲ.

ಮಂಗಳೂರಿನಲ್ಲಿ ಬೆಳಗಾದರೆ ಬನ್ಸು. ಬಾಳೆಹಣ್ಣು, ಮೊಸರು, ಮೈದಾ ಕಲಸಿ ರಾತ್ರಿಯಿಡೀ ಬಿಟ್ಟು, ಪೂರಿಯಂತೆ ಲಟ್ಟಿಸಿ ಕರಿದದ್ದು. ಖಾರವಿಲ್ಲ, ಮೆತ್ತಗೆ, ತುಸು ಸಿಹಿ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೋಟೆಲ್ ತಿಂಡಿ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸಂಜೆಗೆ, 1975ರಿಂದ ಈ ಊರಿಗೆ ಐಸ್‌ಕ್ರೀಮ್ ತಿನ್ನಿಸುತ್ತಿರುವ ಐಡಿಯಲ್‌ನಲ್ಲಿ ಗಡ್‌ಬಡ್. ಎತ್ತರದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಬಣ್ಣಬಣ್ಣದ ಐಸ್‌ಕ್ರೀಮು. ಸುತ್ತಲಿನ ಮೇಜುಗಳಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಕೂತು ಉದ್ದ ಚಮಚದಲ್ಲಿ ತಳ ಮುಟ್ಟಲು ನೋಡುತ್ತಿದ್ದರು. ಅಮ್ಮ ತನ್ನ ಲೋಟ ತಾನೇ ಮುಗಿಸಿದಳು.

ಪ್ರವಾಸದ ಹಬ್ಬವಾದದ್ದು ಮಾತ್ರ ನಮ್ಮವರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ನಡುವಿನಿಂದಲೇ ಕುಸ್ವಾರ್ ತಯಾರಿ. ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳ ಇಡೀ ಬಳಗಕ್ಕೆ ಆ ಹೆಸರು. ಶತಮಾನಗಳ ಹಿಂದೆ ಗೋವೆಯಿಂದ ಕರಾವಳಿಗುಂಟ ಇಳಿದುಬಂದ ಕೊಂಕಣಿ ಕುಟುಂಬಗಳು ಆ ಕಡೆಯ ಸಿಹಿಗಳ ಜೊತೆಗೆ ಈ ಕಡೆಯ ಅಕ್ಕಿ, ತೆಂಗು, ಎಳ್ಳು, ಗೋಡಂಬಿಗಳನ್ನು ಬೆರೆಸಿ ಇದನ್ನು ಬೆಳೆಸಿದವು. ಎಳ್ಳು ಸಕ್ಕರೆಯ ಹೂರಣದ ನೆವ್ರಿ, ಅಕ್ಕಿಹಿಟ್ಟಿನ ಗುಳಿಯೊ, ಅಚ್ಚು ಅದ್ದಿ ಕರಿಯುವ ರೋಸ್ ಕುಕ್ಕೀಸ್, ಸುರುಳಿ ಕಿಡ್ಯೊ, ಚಕ್ಕುಲಿ, ಒಣಹಣ್ಣಿನ ಕೇಕು. ಹಬ್ಬದ ದಿನ ಇವೆಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ, ಕ್ರೋಶಾ ಹೆಣಿಗೆಯ ಬಟ್ಟೆ ಮುಚ್ಚಿ, ಹಿಂದೂ ಮುಸ್ಲಿಂ ಎನ್ನದೆ ನೆರೆಮನೆಗಳಿಗೆಲ್ಲ ಕಳಿಸುತ್ತಾರೆ. ಹೊತ್ತು ಹೋಗುವವರು ಮಕ್ಕಳು.

ಆ ಮನೆಯ ಹಿರಿಯರನ್ನು ಕೇರಿಯವರೆಲ್ಲ ಬಾಯಮ್ಮ ಎಂದು ಕರೆಯುತ್ತಾರೆ. ನಮ್ಮ ಮಕ್ಕಳು ಅಂಗಳ ದಾಟುವ ಮೊದಲೇ, "ಬನ್ನಿ ಮಕ್ಕಳೇ, ಕೈ ತೊಳ್ದು ಬನ್ನಿ. ಕಿಡ್ಯೊ ಮಾಡ್ಲಿಕ್ಕೆ ಸಣ್ಣ ಬೆರಳೇ ಆಗ್ಬೇಕು" ಎಂದರು. ಊಟದ ಮೇಜಿನ ಸುತ್ತ ಅವರ ಮೊಮ್ಮಕ್ಕಳು, ಪಕ್ಕದ ಮನೆಯ ಮಕ್ಕಳು ಆಗಲೇ ಕೂತಿದ್ದರು. ಮೈದಾ, ಮೊಟ್ಟೆ, ತೆಂಗಿನಹಾಲು ಹಾಕಿ ಕಲಸಿದ ಹಿಟ್ಟು. ನೆಲ್ಲಿಕಾಯಿಗಿಂತ ಸಣ್ಣ ಉಂಡೆ ತೆಗೆದು, ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಚಪ್ಪಟೆ ಮಾಡಿ, ತುದಿಯಿಂದ ಸುತ್ತುತ್ತ ಬಂದರೆ ಗೆರೆಗೆರೆಯ ಸುರುಳಿ. ಬಾಚಣಿಗೆ ನೋಡಿ ಪುಟ್ಟ ಹಿಂಜರಿದಾಗ ಬಾಯಮ್ಮ, "ಇದು ಅಡುಗೆಗೇ ತಂದದ್ದು ಮಗಾ, ಯಾರ ತಲೆಗೂ ಮುಟ್ಟಿಸ್ಲಿಕ್ಕಿಲ್ಲ" ಎಂದು ಮುಚ್ಚಳಿಕೆ ಕೊಟ್ಟರು. ಮಗಳಿಗೆ ಬಾಚಣಿಗೆಗಿಂತ ಫೋರ್ಕಿನ ಬೆನ್ನು ಒಗ್ಗಿತು.

ಅಲ್ಲಿ ಯಾರೂ ಮಕ್ಕಳ ಕೆಲಸವನ್ನು ತಿದ್ದಲಿಲ್ಲ. ದಪ್ಪವಾದದ್ದು, ಸೊಟ್ಟಗಾದದ್ದು, ಬಿಚ್ಚಿಕೊಂಡದ್ದು ಎಲ್ಲ ಒಂದೇ ಮೊರಕ್ಕೆ ಬಿದ್ದವು. "ಎಣ್ಣೆಗೆ ಹಾಕಿದ ಮೇಲೆ ಎಲ್ಲ ಒಂದೇ. ತಿನ್ನುವವರು ಅಳತೆ ನೋಡುದಿಲ್ಲ" ಎಂದರು ಬಾಯಮ್ಮ. ಕರಿಯುವ ಬಾಣಲೆಯ ಹತ್ತಿರ ಮಾತ್ರ ಮಕ್ಕಳಿಗೆ ಪ್ರವೇಶವಿಲ್ಲ. ಆ ಗೆರೆಯನ್ನು ಮನೆಯ ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಕರಿದ ಸುರುಳಿಗಳನ್ನು ಸಕ್ಕರೆ ಪಾಕದಲ್ಲಿ ಹೊರಳಿಸಿ ಹರಡುವಾಗ ಮಕ್ಕಳಿಗೆ ಮತ್ತೆ ಕರೆ ಬಂತು.

ಒಳಗೆ ಓವನ್‌ನಲ್ಲಿ ಕೇಕು ಬೇಯುತ್ತಿತ್ತು. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಖರ್ಜೂರ, ಗೋಡಂಬಿಗಳನ್ನು ವಾರಗಟ್ಟಲೆ ಮೊದಲೇ ರಮ್ಮಿನಲ್ಲಿ ನೆನೆಹಾಕಿದ್ದರು. ಮಕ್ಕಳಿಗೆಂದು ಕಿತ್ತಳೆ ರಸದಲ್ಲಿ ನೆನೆಸಿದ್ದು ಬೇರೆ. ಬಾಯಮ್ಮನ ಬಾಲ್ಯದಲ್ಲಿ ಮನೆಯಲ್ಲಿ ಓವನ್ ಇರಲಿಲ್ಲ. ಹಿಟ್ಟು ಸುರಿದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡ ಹರಡಿ, ಮೇಲೆ ಕೆಳಗೆ ಎರಡೂ ಕಡೆ ಬಿಸಿ ಕೊಡುತ್ತಿದ್ದರಂತೆ. "ಕೆಂಡ ಕಾಯುವ ಕೆಲಸ ನಂದು. ಎದ್ದು ಹೋದ್ರೆ ಕೇಕು ಹೋಯ್ತು." ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ತಲಶ್ಶೇರಿಯಲ್ಲಿ, 1883ರಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರಿಗೆ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕಿನ ಮಾದರಿ ಕೊಟ್ಟು ಅಂಥದ್ದೇ ಮಾಡಲು ಕೇಳಿದನೆಂದೂ, ಬಾಪು ಊರಿನ ಹಣ್ಣು, ಊರಿನ ಮದ್ಯ ಬಳಸಿ ಮಾಡಿಕೊಟ್ಟರೆಂದೂ ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಚಿಕ್ಕಪೇಟೆಯ ತಿರುಮಲಾಚಾರ್, ತಲಶ್ಶೇರಿಯ ಬಾಪು, ಗೆರಟೆ ಕೆಂಡದ ಮುಂದೆ ಕೂತ ಹುಡುಗಿ ಬಾಯಮ್ಮ. ಪರದೇಶದ ಒಲೆಯ ವಿದ್ಯೆಯನ್ನು ನಮ್ಮದಾಗಿಸಿದವರು ಇಂಥವರು. ನೋಡಿ ಕಲಿತರು, ಕೈಯಲ್ಲಿದ್ದ ಸಾಮಾನಿನಲ್ಲೇ ಮಾಡಿದರು.

ಉಡುಪಿಯಲ್ಲಿ ಕೃಷ್ಣಮಠದ ದರ್ಶನ ಮುಗಿಸಿ, ರಥಬೀದಿಯ ಸನಿಹದ ಮಿತ್ರ ಸಮಾಜದಲ್ಲಿ ಗೋಳಿಬಜೆ, ಕಾಫಿ. ಊರೂರಿಗೆ ಹೋಗಿ ಹೋಟೆಲು ಕಟ್ಟಿದ ಜನರ ಸ್ವಂತ ಊರಿನಲ್ಲಿ ತಿಂಡಿ ಬಹಳ ಸರಳ. ಥಳುಕಿಲ್ಲ, ಮಕ್ಕಳಿಗೆಂದೇ ಬೇರೆ ಪಟ್ಟಿ ಇಲ್ಲ. ದೊಡ್ಡವರು ತಿನ್ನುವುದನ್ನೇ ಮಕ್ಕಳೂ ತಿನ್ನುತ್ತಾರೆ, ಸ್ವಲ್ಪ ಕಡಿಮೆ. ವಾಪಸು ಬರುವಾಗ ಹೆದ್ದಾರಿಯ ದೊಡ್ಡ ಹೋಟೆಲೊಂದರಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಕಂಡಿತು. ಜಾರುಬಂಡೆ, ಗೋಡೆ ತುಂಬ ಕಾರ್ಟೂನು, ಮಕ್ಕಳ ಪಟ್ಟಿಯಲ್ಲಿ ಕರಿದ ಆಲೂಗಡ್ಡೆ, ನೂಡಲ್ಸು, ಬಣ್ಣದ ಪಾನೀಯ. ಮಕ್ಕಳು ಫೋನಿನ ಪರದೆ ನೋಡುತ್ತ ಬಾಯಿ ತೆರೆದರು, ದೊಡ್ಡವರು ತುತ್ತು ಹಾಕಿದರು. ತಿಂದದ್ದು ಏನೆಂದು ಸಂಜೆ ಕೇಳಿದರೆ ಪುಟ್ಟನಿಗೆ ನೆನಪಿಲ್ಲ. ಬಾಯಮ್ಮನ ಮನೆಯಲ್ಲಿ ತಾನು ಸುತ್ತಿದ ಕಿಡ್ಯೊಗಳ ಕತೆಯನ್ನು ಅವನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ.

ಬೆಂಗಳೂರಿಗೆ ಬಂದ ಮೇಲಿನ ಮೊದಲ ಭಾನುವಾರ ಮಕ್ಕಳು ಬೆಣ್ಣೆ ಬಿಸ್ಕತ್ತು ಮಾಡಬೇಕೆಂದರು. ಅದರ ಲೆಕ್ಕ ಮಕ್ಕಳಿಗೂ ಬಾಯಿಪಾಠವಾಗುವಷ್ಟು ಸುಲಭ: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು. 50 ಗ್ರಾಂ ಪುಡಿ ಸಕ್ಕರೆ, 100 ಗ್ರಾಂ ಬೆಣ್ಣೆ ಚೆನ್ನಾಗಿ ನಾದಿ, 150 ಗ್ರಾಂ ಮೈದಾ, ಚಿಟಿಕೆ ಉಪ್ಪು ಸೇರಿಸಿ ಮೆಲ್ಲಗೆ ಒಟ್ಟುಗೂಡಿಸಿದರೆ ಹಿಟ್ಟು ಸಿದ್ಧ. ಬನ್ನಿನ ಹಿಟ್ಟನ್ನು ಎಷ್ಟು ನಾದಿದರೂ ಒಳ್ಳೆಯದು. ಬಿಸ್ಕತ್ತಿನದನ್ನು ನಾದಿದಷ್ಟೂ ಗಟ್ಟಿ. ಬೆಣ್ಣೆ ಮೈದಾಕ್ಕೆ ಹೊದಿಕೆಯಾಗಿ ಜಿಗುಟು ಹುಟ್ಟದಂತೆ ತಡೆಯುವುದರಿಂದಲೇ ಬಿಸ್ಕತ್ತು ಬಾಯಲ್ಲಿ ಪುಡಿಯಾಗುತ್ತದೆ. ಸಣ್ಣ ಉಂಡೆ ಮಾಡಿ, ತುಸು ಒತ್ತಿ, 170 ಡಿಗ್ರಿ ಬಿಸಿಯಲ್ಲಿ ಹದಿನೈದು ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ತೆಗೆದು ಆರಲು ಬಿಡಬೇಕು; ಗರಿಯಾಗುವುದು ಆರಿದ ಮೇಲೆ. ಮಗಳು ತೂಕದ ಯಂತ್ರದ ಮುಂದೆ, ಪುಟ್ಟ ಉಂಡೆ ಕಟ್ಟುವಲ್ಲಿ, ಅಮ್ಮ ಸಕ್ಕರೆ ಪುಡಿ ಮಾಡುವಲ್ಲಿ, ಓವನ್ ಬಾಗಿಲು ನಮ್ಮವರ ಕೈಯಲ್ಲಿ.

ಓವನ್ ಇಲ್ಲದ ಮನೆಗೂ ಇದು ದೂರದ ಮಾತಲ್ಲ. ನಮ್ಮ ತಾಯಂದಿರು ಕುಕ್ಕರಿನಲ್ಲೇ ಕೇಕು ಮಾಡಿದವರು. ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದು, ನೀರು ಹಾಕದೆ, ತಳಕ್ಕೆ ಉಪ್ಪು ಹರಡಿ ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ ಆಮೇಲೆ ಹಿಟ್ಟಿನ ಪಾತ್ರೆ ಇಟ್ಟರೆ ಸಣ್ಣ ಉರಿಯಲ್ಲಿ ಕೇಕು ಬೇಯುತ್ತದೆ. ಮೊಟ್ಟೆಯಿಲ್ಲದ ಕೇಕಿಗೆ ಮೊಸರು, ಅಡುಗೆ ಸೋಡಾ ಸಾಕು. ಮೊಸರಿನ ಹುಳಿ ಸೋಡಾಕ್ಕೆ ತಾಗಿದಾಗ ಏಳುವ ಗುಳ್ಳೆಗಳನ್ನು ಮಕ್ಕಳಿಗೆ ಬಟ್ಟಲಲ್ಲಿ ತೋರಿಸಿ. ಮೂರು ನಾಲ್ಕು ವರ್ಷದವರಿಗೆ ಸುರಿಯುವುದು, ಕಲಸುವುದು, ಉಂಡೆ ಕಟ್ಟುವುದು. ಏಳೆಂಟು ವರ್ಷದವರಿಗೆ ಅಳೆಯುವುದು, ಜರಡಿ ಹಿಡಿಯುವುದು, ಸಮಯ ನೋಡುವುದು. ಬೆಂಕಿ, ಬಿಸಿ ತಟ್ಟೆ ದೊಡ್ಡವರದೇ. ಕೆಲವು ಎಚ್ಚರಗಳನ್ನು ಸಡಿಲಿಸುವಂತಿಲ್ಲ. ಹಸಿ ಮೈದಾ, ಹಸಿ ಮೊಟ್ಟೆ ಸೇರಿದ ಹಿಟ್ಟನ್ನು ಮಕ್ಕಳು ನೆಕ್ಕಬಾರದು, ಅದರಲ್ಲಿ ರೋಗಾಣುಗಳಿರಬಹುದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಬೇಡವೇ ಬೇಡ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ, ಗೋಡಂಬಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಹಾಕಿ.

ತಾನು ಮಾಡಿದ್ದನ್ನು ಮಗು ಬಿಡುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ದಿನವೂ ಕಾಣುತ್ತಿದೆ. ಸಬ್ಬಸಿಗೆ ಎಂದರೆ ಮುಖ ತಿರುಗಿಸುತ್ತಿದ್ದ ಮಗಳು ಖಾರ ಬನ್ನಿಗೆಂದು ತಾನೇ ಸೊಪ್ಪು ಬಿಡಿಸುತ್ತಾಳೆ. ಹೋಟೆಲಿನಲ್ಲಿ ಪುಟ್ಟ ಈಗ ಮೊದಲು ಕೇಳುವುದು, "ಮಾಡೋರು ಎಲ್ಲಿದಾರೆ?" ಎಂದು. ಹೊರಡುವಾಗ ಬಡಿಸಿದವರಿಗೆ ಕೈಬೀಸುತ್ತಾನೆ. ತಿನ್ನುವ ತುತ್ತಿನ ಹಿಂದೆ ಒಬ್ಬರ ಬೆವರು ಇದೆ ಎಂದು ತಿಳಿದ ಮಗು ಅನ್ನ ಚೆಲ್ಲುವುದಿಲ್ಲ, ಬಡಿಸುವವರನ್ನು ಏಕವಚನದಲ್ಲಿ ಕರೆಯುವುದಿಲ್ಲ. ಈ ಪ್ರವಾಸದಿಂದ ನಮಗೆ ದಕ್ಕಿದ್ದು ಇದು.

ಹೋಟೆಲು ನಡೆಸುವವರಲ್ಲಿ ನನ್ನದೊಂದು ವಿನಂತಿ. ಜಾರುಬಂಡೆಗೆ ಹಾಕುವ ಹಣದಲ್ಲಿ ಅಡುಗೆಮನೆಗೆ ಒಂದು ಗಾಜಿನ ಗೋಡೆ ಹಾಕಿಸಿ. ಮಗುವಿನ ಎತ್ತರಕ್ಕೆ ಕೈತೊಳೆಯುವ ತೊಟ್ಟಿ, ಎತ್ತರದ ಒಂದೆರಡು ಕುರ್ಚಿ, ಶುಚಿಯಾದ ಶೌಚಾಲಯ, ಹಾಲೂಡಿಸುವ ತಾಯಿಗೆ ಒಂದು ಮರೆ ಇರಲಿ. ನೀವು ಮಾಡುವ ತಿಂಡಿಯನ್ನೇ ಖಾರ ತಗ್ಗಿಸಿ, ಅರ್ಧ ಅಳತೆಯಲ್ಲಿ, ಅರ್ಧ ಬೆಲೆಗೆ ಮಕ್ಕಳಿಗೆ ಕೊಡಿ. ಬೇಕರಿಯವರು ತಿಂಗಳಿಗೊಮ್ಮೆ ಹತ್ತಿರದ ಶಾಲೆಯ ಮಕ್ಕಳಿಗೆ ಭಟ್ಟಿ ತೋರಿಸಿ.

ಅಪ್ಪ ಅಮ್ಮಂದಿರೇ, ಮುಂದಿನ ರಜೆಗೆ ಊರು ಯಾವುದೇ ಇರಲಿ, ಅಲ್ಲಿನ ಹಳೆಯ ತಿಂಡಿಮನೆಯೊಂದರಲ್ಲಿ ಮಕ್ಕಳನ್ನು ಅಪರಿಚಿತರ ಪಕ್ಕ ಕೂರಿಸಿ, ಫೋನು ಚೀಲದಲ್ಲಿಡಿ, ಅಡುಗೆಯವರನ್ನು ಮಾತಾಡಿಸಿ. ಮನೆಗೆ ಬಂದ ಮೇಲೆ ಒಂದು ಭಾನುವಾರದ ಬೆಳಿಗ್ಗೆಯನ್ನೂ ಒಂದು ಬಟ್ಟಲು ಹಿಟ್ಟನ್ನೂ ಅವರ ಕೈಗೆ ಬಿಟ್ಟುಕೊಡಿ. ನೆಲಕ್ಕೆ ಬಿದ್ದ ಮೈದಾವನ್ನು ಆಮೇಲೆ ಒರೆಸಿಕೊಳ್ಳಬಹುದು.